ಎಸ್13 ಒಂದೇ, ಎಂಜಿನ್ ಮೂರು: ಎಸ್‌ಆರ್20, 1ಜೆಝಡ್, ಎಲ್‌ಎಸ್1 ಓಡಿಸಿ ನೋಡಿದ ಮೇಲೆ

ಸಿಲ್ವಿಯಾ, 180ಎಸ್‌ಎಕ್ಸ್, 240ಎಸ್‌ಎಕ್ಸ್. ಹೆಸರು ಮೂರಾದರೂ ನಿಸ್ಸಾನ್ ಎಸ್13 ಬಾಡಿ ಒಂದೇ. 1988ರಲ್ಲಿ ಜಪಾನ್‌ನಲ್ಲಿ ಬಂದ ಈ ಕಾರು ಸುಮಾರು 1,200 ಕೆಜಿ ತೂಗುತ್ತದೆ. ಸಸ್ಪೆನ್ಷನ್ ಮುಂದೆ ಸ್ಟ್ರಟ್, ಹಿಂದೆ ಮಲ್ಟಿಲಿಂಕ್, ಹಿಂಚಕ್ರಕ್ಕೆ ಪವರ್. ಇಂಥ ಬಾಡಿ ಕೊಟ್ಟು, ಅಮೆರಿಕಕ್ಕೆ ಕಳಿಸಿದ 240ಎಸ್‌ಎಕ್ಸ್‌ಗೆ ಮಾತ್ರ 2.4 ಲೀಟರಿನ ಕೆಎ24 ಹಾಕಿದರು. 1991ರ ನಂತರದ ಕೆಎ24ಡಿಇ ಕೊಡುವುದು 155 ಎಚ್‌ಪಿ. ಗಟ್ಟಿ ಎಂಜಿನ್, ಕೆಳಗಿನ ಆರ್‌ಪಿಎಂನಲ್ಲಿ ಎಳೆತವೂ ಇದೆ. ಆದರೆ ಮೇಲೆ ಹೋದ ಹಾಗೆ ಉಸಿರು ಕಟ್ಟುತ್ತದೆ. ಈ ಕಾರು ಇಟ್ಟುಕೊಂಡವರು ಎಂಜಿನ್ ಬದಲಿಸುವ ಯೋಚನೆಗೆ ಬೀಳುವುದು ಅದಕ್ಕೇ.

ನನ್ನ 240ಎಸ್‌ಎಕ್ಸ್‌ನಲ್ಲಿ ಮೊದಲು ನಿಸ್ಸಾನ್‌ನದೇ ಎಸ್‌ಆರ್20ಡಿಇಟಿ ಇತ್ತು, ಈಗ ಅಮೆರಿಕದ ಎಂಟು ಸಿಲಿಂಡರಿನ ಎಲ್‌ಎಸ್1 ಇದೆ. 1ಜೆಝಡ್-ಜಿಟಿಇ ಇರುವುದು ಗೆಳೆಯನ ಎಸ್13ನಲ್ಲಿ. ಅದರ ಕೆಲಸದಲ್ಲಿ ಮೊದಲಿಂದ ಕೊನೆಯವರೆಗೂ ಜೊತೆಗಿದ್ದೆ, ಆಮೇಲೆ ಬೇಕಾದಷ್ಟು ಓಡಿಸಿದೆ. ಮೂರನ್ನೂ ಅಳೆಯುವುದು ಒಂದೇ ಪ್ರಶ್ನೆಯಿಂದ: ತಿರುವಿನ ನಡುವೆ ಆಕ್ಸಿಲರೇಟರ್ ಒತ್ತಿದಾಗ ಕಾರು ಏನು ಮಾಡುತ್ತದೆ? ಎಸ್13 ಕೊಳ್ಳುವುದೇ ಆ ಕ್ಷಣಕ್ಕಾಗಿ ಅಲ್ವಾ? ನೇರ ರಸ್ತೆಯಲ್ಲಿ ಜೋರಾಗಿ ಹೋಗುವ ಕಾರು ಬೇಕಾದಷ್ಟಿವೆ.

ಮೊದಲು ಎಸ್‌ಆರ್20ಡಿಇಟಿ. ಜಪಾನ್‌ನ ಎಸ್13ಗೆ 1991ರಿಂದ ಕಂಪನಿಯೇ ಕೊಟ್ಟ ಟರ್ಬೊ ಎಂಜಿನ್ ಇದು, ಅಂದರೆ ಹೊಗೆಯ ಬಲದಿಂದ ತಿರುಗುವ ಚಕ್ರ ಎಂಜಿನ್ನಿಗೆ ಗಾಳಿ ಒತ್ತಿ ತುಂಬುತ್ತದೆ. 1998 ಸಿಸಿ, 205 ಪಿಎಸ್ (ಎಚ್‌ಪಿಗೆ ಹೆಚ್ಚುಕಡಿಮೆ ಸಮ). ಮುಂದಿನ ತಲೆಮಾರಿನ ಎಸ್14ನಲ್ಲಿ ಅದು 220 ಆಯಿತು, ಎಸ್15ನಲ್ಲಿ 250. ಬ್ಲಾಕ್ ಅಲ್ಯೂಮಿನಿಯಂ, ಕೆಎಯದ್ದು ಎರಕದ ಕಬ್ಬಿಣ. ಬದಲಿಸಿದ ಮೇಲೆ ಕಾರಿನ ಮೂಗು ಹಗುರಾಗಿದ್ದು ಮೊದಲ ತಿರುವಿನಲ್ಲೇ ಸ್ಟೇರಿಂಗ್‌ಗೆ ಗೊತ್ತಾಯಿತು. ಇದೇ ಬಾಡಿಗೆ ಕಂಪನಿಯೇ ಹಾಕಿದ ಎಂಜಿನ್ ಆದ್ದರಿಂದ ಕತ್ತರಿಸುವ ಕೆಲಸ ಇಲ್ಲ. ಎಂಜಿನ್ ಹೊರುವ ಅಡ್ಡತೊಲೆ, ಅಂದರೆ ಕೆಳಗಿನ ಕ್ರಾಸ್‌ಮೆಂಬರ್ ಹಾಗೇ ಉಳಿಯುತ್ತದೆ, ಎಸ್‌ಆರ್‌ನ ಮೌಂಟಿಂಗ್ ಕೂತುಕೊಳ್ಳುತ್ತದೆ, ಅದರದೇ ಐದು ಗೇರಿನ ಬಾಕ್ಸ್ ಬರುತ್ತದೆ. ತಲೆನೋವು ಅಂದರೆ ವೈರಿಂಗ್. ಎಂಜಿನ್ ಬಂದಿರುವುದು ಬಲಗಡೆ ಸ್ಟೇರಿಂಗ್ ಇರುವ ಕಾರಿನಿಂದ, ಹಾಕುವುದು ಎಡಗಡೆ ಸ್ಟೇರಿಂಗ್ ಇರುವುದಕ್ಕೆ. ಹಾಗಾಗಿ ಕೆಲವು ಕನೆಕ್ಟರ್‌ಗಳನ್ನು ಬಿಚ್ಚಿ, ಉದ್ದ ಮಾಡಿ, ಮತ್ತೆ ಜೋಡಿಸಬೇಕು. ಹಳೆಯ ವೈರಿನ ಹೊದಿಕೆ ಬಿಸಿಗೆ ಗಟ್ಟಿಯಾಗಿ ಬಗ್ಗಿಸಿದರೆ ಒಡೆಯುತ್ತದೆ. ಇದನ್ನು ಮೇಜಿನ ಮೇಲೆ ಹರಡಿಕೊಂಡು ನಿಧಾನವಾಗಿ ಮಾಡಿದರೆ ಮುಂದೆ ಕಾಡುವುದಿಲ್ಲ.

ಇದರ ತಲೆಯೊಳಗೆ, ಅಂದರೆ ವಾಲ್ವ್‌ಗಳಿರುವ ಮೇಲಿನ ಭಾಗದಲ್ಲಿ, ಒಂದು ವಿಶೇಷ ಇದೆ. ವಾಲ್ವ್ ತೆರೆಯುವ ಶಾಫ್ಟ್ ಆದ ಕ್ಯಾಮ್‌ನ ಒಂದೊಂದು ಉಬ್ಬು (ಲೋಬ್) ಎರಡೆರಡು ವಾಲ್ವ್ ತಳ್ಳುತ್ತದೆ. ನಡುವೆ ಕವೆಗೋಲಿನ ಆಕಾರದ ರಾಕರ್ ಆರ್ಮ್. ವಾಲ್ವ್ ಕವರ್ ತೆಗೆದು ನೋಡಿದರೆ ಅದು ಯಾವುದಕ್ಕೂ ಬೋಲ್ಟ್ ಆಗಿಲ್ಲ ಅನ್ನುವುದು ಕಾಣುತ್ತದೆ. ಒಂದು ತುದಿ ಲಿಫ್ಟರ್ ಎನ್ನುವ ಸಣ್ಣ ಆಸರೆಯ ಮೇಲೆ, ಕವಲುಗಳು ವಾಲ್ವ್ ಮೇಲೆ, ಸುಮ್ನೆ ಕೂತಿರುತ್ತದೆ. ಗೇರ್ ತಪ್ಪಿ ಬಿದ್ದು ಆರ್‌ಪಿಎಂ ಮಿತಿ ದಾಟಿದರೆ ಅದು ಜಾರಿ ಹೊರಗೆ ಬರಬಹುದು. ತಪ್ಪಿಸಲು ರಾಕರ್ ಸ್ಟಾಪರ್ ಸಿಗುತ್ತದೆ. ಎಸ್‌ಆರ್ ಹಾಕುವವರು ಎಂಜಿನ್ ಹೊರಗಿದ್ದಾಗಲೇ ಹಾಕಿಸಿಕೊಳ್ಳಿ.

ಓಡಿಸಿದರೆ? ಸ್ಟೇರಿಂಗ್ ಮೂರರಲ್ಲೂ ಇದರದ್ದೇ ಉತ್ತಮ, ಅನುಮಾನವೇ ಬೇಡ. ತಿರುವಿಗೆ ಮೂಗು ತೂರಿಸಿದರೆ ಸಾಕು, ಕಾರು ಅಲ್ಲಿಗೇ ಹೋಗುತ್ತದೆ. ಕಂಪನಿಯ ಸಣ್ಣ ಟರ್ಬೊ ಇದ್ದಾಗ ಒತ್ತಡವೂ ಬೇಗ ಏರುತ್ತದೆ. ನಾನು ದೊಡ್ಡ ಟರ್ಬೊ ಹಾಕಿದ ಮೇಲೆ ಪವರ್ ಜಾಸ್ತಿ ಆಯಿತು, ಜೊತೆಗೆ ಕಾಯುವಿಕೆಯೂ ಬಂತು. ತಿರುವಿನ ನಡುವೆ ಒತ್ತಿದರೆ ಮೊದಲು ಏನೂ ಇಲ್ಲ, ಆಮೇಲೆ ಎಲ್ಲ ಒಟ್ಟಿಗೆ, ಅಷ್ಟರಲ್ಲಿ ಕಾರು ಬೇರೆ ಕೋನದಲ್ಲಿರುತ್ತದೆ. ಬೇಕೆಂದೇ ಹಿಂಚಕ್ರ ಜಾರಿಸಿ ಡ್ರಿಫ್ಟ್ ಮಾಡುವವರಿಗೆ ಇದೇ ಇಷ್ಟವಾಗಬಹುದು. ನನಗೆ ಬೇಕಿದ್ದದ್ದು ಅದಲ್ಲ. ಹಾಗಾಗಿ ಎಸ್‌ಆರ್ ಬಗ್ಗೆ ನನ್ನ ಮಾತು ಇಷ್ಟು: 250, ಹೆಚ್ಚೆಂದರೆ 300 ಎಚ್‌ಪಿ ಒಳಗೆ ಇಟ್ಟುಕೊಂಡರೆ ಇದು ಬಂಗಾರ. ಅದಕ್ಕೂ ಮೇಲೆ ಬೇಕೆಂದರೆ ಈ ಎರಡು ಲೀಟರನ್ನು ಹಿಂಡುವ ಬದಲು ಬೇರೆ ಎಂಜಿನ್ ನೋಡಿ.

1ಜೆಝಡ್ ಟೊಯೋಟಾದ್ದು. ಸಾಲಾಗಿ ಆರು ಸಿಲಿಂಡರ್, 2492 ಸಿಸಿ, ಕಂಪನಿ ಲೆಕ್ಕದಲ್ಲಿ 280 ಪಿಎಸ್. ಜಪಾನ್‌ನ ಕಂಪನಿಗಳು ಆಗ ತಮ್ಮೊಳಗೇ ಒಪ್ಪಿಕೊಂಡಿದ್ದ ಮಿತಿಯೇ ಆ 280. ಸುಪ್ರಾದಿಂದ ಹೆಸರಾದ 2ಜೆಝಡ್ ಇದರ ಅಣ್ಣ. ಒಂದು ವಿಷಯ ನನಗೆ ತುಂಬಾ ಹಿಡಿಸುತ್ತದೆ: ಎಸ್‌ಆರ್20 ಮತ್ತು 2ಜೆಝಡ್ ಎರಡರ ಸಿಲಿಂಡರೂ 86 ಮಿಮೀ ಅಗಲ, ಪಿಸ್ಟನ್ ಓಡುವ ದೂರವೂ 86 ಮಿಮೀ. ನಾಲ್ಕು ಸಿಲಿಂಡರಿಗೆ 1998 ಸಿಸಿ, ಆರಕ್ಕೆ 2997. ಬೇರೆ ಬೇರೆ ಕಂಪನಿ, ಅಳತೆ ಮಾತ್ರ ಒಂದೇ. 1ಜೆಝಡ್‌ನಲ್ಲೂ ಅಗಲ ಅದೇ 86, ಆದರೆ ಓಡುವ ದೂರ 71.5ಕ್ಕೆ ಇಳಿದಿದೆ. ಅದಕ್ಕೇ ಅದು ಅಷ್ಟು ಖುಷಿಯಾಗಿ ಮೇಲೇರುತ್ತದೆ.

ಈ ಎಂಜಿನ್ ಶಬ್ದದ ಬಗ್ಗೆ ಬರೆಯದೆ ಇರಲಾರೆ. ಸಾಲು ಆರರಲ್ಲಿ ಪಿಸ್ಟನ್‌ಗಳ ಏರಿಳಿತ ಒಂದಕ್ಕೊಂದು ಪೂರ್ತಿ ಸರಿಹೋಗುತ್ತದೆ. ಸಾಲು ನಾಲ್ಕರಲ್ಲಿ ಒಂದು ಸಣ್ಣ ನಡುಕ ಉಳಿದೇ ಉಳಿಯುತ್ತದೆ. ಗೆಳೆಯನ ಕಾರಿನಲ್ಲಿ 4,000 ದಾಟಿದ ಮೇಲೆ ಸೀಟಿಗೆ ನಡುಕವೇ ಬರುವುದಿಲ್ಲ, ಕಿವಿಗೆ ಮಾತ್ರ ಒಂದೇ ಸ್ವರ ಏರುತ್ತಾ ಹೋಗುತ್ತದೆ. ಆ ಶಬ್ದಕ್ಕಾಗಿಯೇ 1ಜೆಝಡ್ ಹಾಕುತ್ತೇನೆ ಎನ್ನುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ.

ಆದರೆ ಇದು ಉದ್ದ, ಜೊತೆಗೆ ಕಬ್ಬಿಣದ ಬ್ಲಾಕ್. ನಾಲ್ಕು ಸಿಲಿಂಡರಿಗೆ ಮಾಡಿದ ಜಾಗಕ್ಕೆ ಆರು ತೂರಿಸಿದರೆ ಮುಂದಿನ ಎರಡು ಸಿಲಿಂಡರ್ ಮುಂಚಕ್ರದ ಗೆರೆಯಿಂದ ಆಚೆಗೆ ಹೋಗುತ್ತವೆ. ಎಂಜಿನ್ ತಿರುಗಿಸುವ ಫ್ಯಾನ್‌ಗೆ ಜಾಗವೇ ಉಳಿಯಲಿಲ್ಲ. ಅದನ್ನು ತೆಗೆದು, ತೆಳುವಾದ ಎಲೆಕ್ಟ್ರಿಕ್ ಫ್ಯಾನ್ ಹಾಕಿ, ರೇಡಿಯೇಟರನ್ನು ಮುಂದೆ ಸರಿಸಿದೆವು. ಕ್ರಾಸ್‌ಮೆಂಬರಿಗೆ ತಾಗದ ಆಯಿಲ್ ಸಂಪ್ (ಎಂಜಿನ್ ಅಡಿಯ ಎಣ್ಣೆ ತಟ್ಟೆ) ಹುಡುಕುವುದೇ ಒಂದು ಕೆಲಸ. ಎಂಜಿನ್ ಕೊಳ್ಳುವ ಮೊದಲೇ ಅದರ ಸಂಪ್ ಯಾವ ಆಕಾರದ್ದು ಎಂದು ಕೇಳಿ. ಟೊಯೋಟಾದ ಗೇರ್‌ಬಾಕ್ಸ್‌ಗಳಲ್ಲಿ ಆರ್154 ಆಗಿದ್ದರೆ ಒಳ್ಳೆಯದು, ಡಬ್ಲ್ಯು58 ಟರ್ಬೊ ಎಳೆತಕ್ಕೆ ಬಹಳ ಕಾಲ ನಿಲ್ಲುವುದಿಲ್ಲ. ಇನ್ನೊಂದು, ಹಳೆಯ 1ಜೆಝಡ್‌ನ ಎರಡು ಟರ್ಬೊಗಳ ಬಿಸಿ ಕಡೆಯ ಚಕ್ರ ಸೆರಾಮಿಕ್. ಬೂಸ್ಟ್, ಅಂದರೆ ಟರ್ಬೊ ಒತ್ತಡ, ಏರಿಸಿದರೆ ಒಡೆಯುತ್ತದೆ. ಆದ್ದರಿಂದ ಪವರ್ ಹೆಚ್ಚಿಸುವ ಆಸೆ ಇದ್ದರೆ ಟರ್ಬೊ ಬದಲಿಸುವ ಖರ್ಚನ್ನೂ ಸೇರಿಸಿಕೊಳ್ಳಿ. 1996ರ ನಂತರದ, ವಾಲ್ವ್ ತೆರೆಯುವ ಸಮಯ ತಾನೇ ಬದಲಿಸುವ ವಿವಿಟಿ-ಐ ಎಂಜಿನ್‌ಗೆ ಒಂದೇ ಟರ್ಬೊ, ಕೆಳಗಿನ ಎಳೆತವೂ ಉತ್ತಮ. ನನ್ನನ್ನು ಕೇಳಿದರೆ ಅದನ್ನೇ ಹುಡುಕಿ.

ಬಿಗಿ ತಿರುವಿನಲ್ಲಿ ಮೂಗಿನ ಭಾರ ಗೊತ್ತಾಗುತ್ತದೆ. ಮುಂದಿನ ಸ್ಪ್ರಿಂಗ್ ಗಟ್ಟಿಯದ್ದು ಹಾಕಿದ ಮೇಲೆ ವಾಲುವುದು ಕಡಿಮೆಯಾಯಿತು. ಆದರೆ ಎಡದಿಂದ ಬಲಕ್ಕೆ ಬೇಗ ತಿರುಗಿಸಿದರೆ ಕಾರು ಒಂದು ಗಳಿಗೆ ತಡವಾಗಿ ಒಪ್ಪುತ್ತದೆ. ಉದ್ದನೆಯ, ವೇಗದ ತಿರುವುಗಳಲ್ಲಿ ಮಾತ್ರ ಇದರಷ್ಟು ಸೊಗಸು ಬೇರೆ ಇಲ್ಲ.

ಎಲ್‌ಎಸ್1 ಹೆಸರು ಹೇಳಿದರೆ ಜಪಾನ್ ಕಾರುಗಳ ಅಭಿಮಾನಿಗಳಿಗೆ ಬೇಸರವಾಗುವುದು ಗೊತ್ತು. ಜಪಾನ್ ಕಾರಿಗೆ ಅಮೆರಿಕದ ವಿ8 ಯಾಕೆ ಅನ್ನುತ್ತಾರೆ. ಅವರ ಭಾವನೆ ನನಗೆ ಅರ್ಥವಾಗುತ್ತದೆ, ಆದರೂ ಓಡಿಸಿ ನೋಡಿದ ಮೇಲೆ ನಾನು ಒಪ್ಪಲಾರೆ. 1997ರ ಷೆವ್ರೊಲೆ ಕಾರ್ವೆಟ್‌ನಲ್ಲಿ ಬಂದ 5.7 ಲೀಟರಿನ ಈ ಎಂಜಿನ್ 345 ಎಚ್‌ಪಿ ಕೊಡುತ್ತಿತ್ತು. ವಿ8 ಅಂದ ತಕ್ಷಣ ಭಾರಿ ಗಾತ್ರ ಕಣ್ಣಮುಂದೆ ಬರುತ್ತದೆ. ಆದರೆ ಇದರ ಕ್ಯಾಮ್ ಒಂದೇ, ಅದೂ ಬ್ಲಾಕ್ ಒಳಗೇ ಇದೆ. ಪುಶ್‌ರಾಡ್ ಎಂಬ ಕಡ್ಡಿಗಳ ಮೂಲಕ ವಾಲ್ವ್ ತಳ್ಳುತ್ತದೆ. ತಲೆಯ ಮೇಲೆ ನಾಲ್ಕು ಕ್ಯಾಮ್ ಹೊರುವ ವಿ8ಗಳ ಅಗಲ, ಎತ್ತರ ಇದಕ್ಕಿಲ್ಲ. ಬ್ಲಾಕ್ ಅಲ್ಯೂಮಿನಿಯಂ. ನಾಲ್ಕು ಸಿಲಿಂಡರಿನ ಉದ್ದವೇ ಆದ್ದರಿಂದ 1ಜೆಝಡ್‌ಗಿಂತ ಹಿಂದೆ, ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಗೆ (ಫೈರ್‌ವಾಲ್) ಹತ್ತಿರ ಕೂರುತ್ತದೆ. ಎಸ್‌ಆರ್‌ನಷ್ಟು ಹಗುರ ಅಲ್ಲ ನಿಜ, ಆದರೆ ಮೂಗು ಭಾರ ಅನ್ನಿಸುವುದಿಲ್ಲ. ಬಾನೆಟ್ ಕೂಡ ಕತ್ತರಿಸದೆ ಮುಚ್ಚಿತು.

ಮೂರರಲ್ಲಿ ಜಾಸ್ತಿ ಕೆಲಸ ಬೇಡಿದ್ದು ಇದೇ. ಸ್ಟೇರಿಂಗ್ ಶಾಫ್ಟ್ ಪಕ್ಕದಲ್ಲೇ ಹೊಗೆ ಹೊರಬಿಡುವ ಪೈಪ್, ಅಂದರೆ ಎಕ್ಸಾಸ್ಟ್ ಹೆಡರ್, ಹೋಗುತ್ತದೆ, ನಡುವೆ ಬೆರಳು ತೂರುವಷ್ಟು ಜಾಗ. ಟಿ56 ಆರು ಗೇರಿನ ಬಾಕ್ಸ್ ದಪ್ಪ, ಅದು ಕೂರುವ ನೆಲದ ಟನಲ್ ಅಲ್ಲಲ್ಲಿ ಬಡಿದು ಅಗಲ ಮಾಡಬೇಕು. ಕಾರ್ವೆಟ್, ಕ್ಯಾಮರೊದ ಕಂಪ್ಯೂಟರ್‌ನಲ್ಲಿ ಕಳ್ಳತನ ತಡೆಯುವ ಲಾಕ್ ಇರುತ್ತದೆ. ಅದನ್ನು ಪ್ರೋಗ್ರಾಂನಲ್ಲಿ ತೆಗೆಸದಿದ್ದರೆ ಎಂಜಿನ್ ಶುರುವೇ ಆಗುವುದಿಲ್ಲ. ಪೆಟ್ರೋಲ್ ಒತ್ತಡ 58 ಪಿಎಸ್‌ಐ ಬೇಕು. ಇದಕ್ಕೆ ಕಾರ್ವೆಟ್ ಸಿ5ನ ಫಿಲ್ಟರ್ ಸುಲಭದ ದಾರಿ, ರೆಗ್ಯುಲೇಟರ್ ಅದರೊಳಗೇ ಇದೆ. ಇನ್ನು ಹೆಡ್‌ಗಳ ಮೇಲಿನ ಸಣ್ಣ ಸ್ಟೀಮ್ ಪೈಪ್. ಬಿಸಿನೀರಿನ ಗುಳ್ಳೆ ಹೊರಹೋಗುವ ದಾರಿ ಅದು, ಮುಚ್ಚಬೇಡಿ. ಎಸ್13ನ ರೇಡಿಯೇಟರ್ ತಗ್ಗಿನಲ್ಲಿರುತ್ತದೆ. ಆ ಪೈಪನ್ನು ರೇಡಿಯೇಟರಿನ ಮೇಲ್ಭಾಗಕ್ಕೆ ಸೇರಿಸಿ, ಮೂಗು ಎತ್ತಿ ನಿಲ್ಲಿಸಿ ನೀರು ತುಂಬಿದರೆ ಗಾಳಿ ಸಿಕ್ಕಿಹಾಕಿಕೊಳ್ಳುವುದಿಲ್ಲ.

ನಾನು ತರಿಸಿದ ಒಂದು ರೆಡಿಮೇಡ್ ಮೌಂಟಿಂಗ್ ಕಿಟ್ ಎಂಜಿನ್ನನ್ನು ಬೇಕಾದ್ದಕ್ಕಿಂತ ಹಿಂದಕ್ಕೆ ವಾಲಿಸಿ ಕೂರಿಸಿತ್ತು. ಹೆದ್ದಾರಿ ವೇಗಕ್ಕೆ ಬಂದರೆ ಇಡೀ ನೆಲ ನಡುಗುತ್ತಿತ್ತು. ಗೇರ್‌ಬಾಕ್ಸಿನ ಹಿಂದಿನ ಶಾಫ್ಟ್ ಮತ್ತು ಹಿಂಚಕ್ರಗಳ ನಡುವಿನ ಡಿಫರೆನ್ಷಿಯಲ್‌ನ ಮುಂದಿನ ಶಾಫ್ಟ್ ಒಂದಕ್ಕೊಂದು ಸಮಾನಾಂತರ ಇರಬೇಕು, ಇಲ್ಲದಿದ್ದರೆ ಪ್ರೊಪೆಲ್ಲರ್ ಶಾಫ್ಟ್‌ನ ಜಾಯಿಂಟ್‌ಗಳು ಏರುಪೇರಾಗಿ ತಿರುಗುತ್ತವೆ. ಕೋನ ಅಳೆದು, ಗೇರ್‌ಬಾಕ್ಸ್ ಕೆಳಗಿನ ಮೌಂಟಿಂಗ್‌ಗೆ ದಪ್ಪ ಪ್ಲೇಟ್ ಕೊಟ್ಟ ಮೇಲೆ ನಡುಕ ನಿಂತಿತು.

ಈಗ ಅದೇ ಪ್ರಶ್ನೆ. ತಿರುವಿನ ನಡುವೆ ಆಕ್ಸಿಲರೇಟರ್ ಒತ್ತಿದರೆ? ಪಾದ ಎಷ್ಟು ಇಳಿಯಿತೋ ಅಷ್ಟೇ ಎಳೆತ, ಆ ಕ್ಷಣಕ್ಕೇ. ಕಾಯುವುದೇ ಇಲ್ಲ. ಹಿಂಚಕ್ರ ಜಾರುತ್ತದೆ ಅನ್ನಿಸಿದರೆ ಕೂದಲೆಳೆಯಷ್ಟು ಬಿಟ್ಟರೆ ಸಾಕು, ಮತ್ತೆ ಹಿಡಿಯುತ್ತದೆ. 1,500 ಆರ್‌ಪಿಎಂನಲ್ಲೂ ಮೂರನೇ ಗೇರಿನಲ್ಲಿ ಗೊಣಗದೆ ಹೋಗುತ್ತದೆ. ಪವರ್ ಇಷ್ಟಿದ್ದೂ ಓಡಿಸಲು ಸುಲಭವಾದದ್ದು ಇದೇ ಎನ್ನುವುದು ನನಗೆ ದೊಡ್ಡ ಅಚ್ಚರಿ. ಹಳೆಯ 4.08 ಅನುಪಾತದ ಡಿಫರೆನ್ಷಿಯಲ್ ಮಾತ್ರ ಇದಕ್ಕೆ ಹೊಂದುವುದಿಲ್ಲ, ಒಂದನೇ ಗೇರ್ ಹಾಕುವಷ್ಟರಲ್ಲಿ ಮುಗಿದುಹೋಗುತ್ತದೆ. 3.5ರ ಆಸುಪಾಸಿನದ್ದು ಹಾಕಿದ ಮೇಲೆ ಗೇರ್‌ಗಳಿಗೆ ಅರ್ಥ ಬಂತು.

ನನ್ನ ಕಾರಿನಲ್ಲಿ ಎಲ್‌ಎಸ್ ಉಳಿಯುತ್ತದೆ. ಹಾಗಂತ ಮೊದಲ ಸಲ ಎಂಜಿನ್ ಬದಲಿಸುವವರಿಗೆ ನಾನು ಹೇಳುವುದು ಎಸ್‌ಆರ್ ಅನ್ನೇ, ಅದೂ ಕಂಪನಿಯ ಟರ್ಬೊ ಜೊತೆಗೆ. ಕೆಲಸ ಬೇಗ ಮುಗಿಯುತ್ತದೆ, ಕಾರು ರಸ್ತೆಗೆ ಬರುತ್ತದೆ. ಅರ್ಧಕ್ಕೆ ನಿಂತ ವಿ8 ಎಸ್13ಗಳು ಎಷ್ಟೋ ಗ್ಯಾರೇಜುಗಳ ಮೂಲೆಯಲ್ಲಿವೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ವೆಲ್ಡಿಂಗ್, ವೈರಿಂಗ್ ಎರಡೂ ಕೈಯಲ್ಲಿದ್ದು, ಒಂದೇ ಕಾರನ್ನು ಬಹಳ ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದರೆ ಎಲ್‌ಎಸ್. 1ಜೆಝಡ್ ಬೇಕೋ ಬೇಡವೋ ಅನ್ನುವುದನ್ನು ಅದರ ಶಬ್ದ ಕೇಳಿದ ಮೇಲೆ ನೀವೇ ತೀರ್ಮಾನಿಸಿ.

ಯಾವುದನ್ನೇ ಆರಿಸಿದರೂ ಮೊದಲು ಬ್ರೇಕ್ ಬದಲಿಸಿ. ನಿಸ್ಸಾನ್‌ನದೇ 300ಝಡ್‌ಎಕ್ಸ್ (ಝಡ್32) ಕಾರಿನ ನಾಲ್ಕು ಪಿಸ್ಟನ್ ಕ್ಯಾಲಿಪರ್ ಎಸ್13ನ ಮುಂಚಕ್ರಕ್ಕೆ ಬೋಲ್ಟ್ ಆಗುತ್ತದೆ, ಜೊತೆಗೆ ಅದಕ್ಕೆ ಹೊಂದುವ ದೊಡ್ಡ ಡಿಸ್ಕ್ ಹಾಕಬೇಕು. 155 ಎಚ್‌ಪಿ ನಿಲ್ಲಿಸಲು ಮಾಡಿದ ಬ್ರೇಕ್ ಮೇಲೆ ಈ ಮೂರರಲ್ಲಿ ಯಾವುದನ್ನೂ ರಸ್ತೆಗೆ ಇಳಿಸಬೇಡಿ.