ನೆಲಮಾಳಿಗೆಯಿಂದ ಆಟೊಮ್ಯಾಟಿಕ್ ಕಾರು ಹೊರತೆಗೆದ ಟೋಯಿಂಗ್ ಸೇವೆ: ನಾಲ್ಕು ನಕ್ಷತ್ರ

ಬನಶಂಕರಿಯ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಟೋಯಿಂಗ್ ಲಾರಿ ಇಳಿಯುವುದಿಲ್ಲ. ಬ್ಯಾಟರಿ ಸತ್ತ ಆಟೊಮ್ಯಾಟಿಕ್ ಕಾರಿನ ಗೇರ್ ‘ಪಿ’ (ಪಾರ್ಕಿಂಗ್, ಚಕ್ರ ಉರುಳದಂತೆ ಹಿಡಿಯುವ ಸ್ಥಾನ) ಬಿಟ್ಟು ಕದಲುವುದಿಲ್ಲ. ಮೊದಲು ಬಂದವನು ಹಗ್ಗ ಕಟ್ಟಿ ಗ್ಯಾರೇಜಿನವರೆಗೂ ಎಳೆಯುತ್ತೇನೆಂದ. ಎಂಜಿನ್ ತಿರುಗದಿದ್ದರೆ ಗೇರ್‌ಬಾಕ್ಸಿನ ಪಂಪ್ ಎಣ್ಣೆ ಹಾಯಿಸುವುದಿಲ್ಲ, ಹಾಗೇ ಎಳೆದರೆ ಒಳಭಾಗ ಸವೆದು ಹಾಳಾಗುತ್ತದೆ ಎಂದದ್ದಕ್ಕೆ ನಕ್ಕ, ಕಳುಹಿಸಿಬಿಟ್ಟೆ.

ಎರಡನೆಯ ಸೇವೆಯ ಹುಡುಗರು ಕೆಲಸ ಬಲ್ಲವರು. ಚಕ್ರಕ್ಕೆ ಮರದ ತಡೆ ಕೊಟ್ಟು, ಗೇರ್ ಲಿವರ್ ಪಕ್ಕದ ಪುಟ್ಟ ಮುಚ್ಚಳ ತೆಗೆದು, ಸ್ಕ್ರೂಡ್ರೈವರಿನಿಂದ ಒಳಗಿನ ಗುಂಡಿ ಒತ್ತಿ ‘ಎನ್’ಗೆ (ನ್ಯೂಟ್ರಲ್, ಚಕ್ರ ಸರಾಗ ಉರುಳುವ ಸ್ಥಾನ) ತಂದರು. ಎಂಜಿನ್ ಇಲ್ಲದೆ ಬ್ರೇಕ್ ಕಲ್ಲಿನಂತೆ ಗಟ್ಟಿ, ಸ್ಟಿಯರಿಂಗ್ ಭಾರ ಎಂದು ಎಚ್ಚರಿಸಿಯೇ ನನ್ನನ್ನು ಕೂರಿಸಿದರು. ವಿಂಚಿನಿಂದ (ಉಕ್ಕಿನ ಹಗ್ಗ ಸುತ್ತಿ ಎಳೆಯುವ ಯಂತ್ರ) ನಿಧಾನವಾಗಿ ಇಳಿಜಾರು ಹತ್ತಿಸಿ, ನಾಲ್ಕೂ ಚಕ್ರ ನೆಲ ಬಿಡುವಂತೆ ಲಾರಿಯ ಮೇಲೇರಿಸಿದರು. ಹೇಳಿದ ದರಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಲಿಲ್ಲ. ತಡವಾಗಿ ಬಂದದ್ದಕ್ಕೆ ಒಂದು ನಕ್ಷತ್ರ ಕಡಿತ. ಫೋನಿನಲ್ಲಿ ‘ಹತ್ತೇ ನಿಮಿಷ ಸರ್’ ಎನ್ನುವ ಚಟ ಇವರನ್ನೂ ಬಿಟ್ಟಿಲ್ಲ.