ಸ್ಟೋನ್‌ಹೆಂಜ್, ಏವ್‌ಬರಿ, ಆರ್ಕ್ನಿ: ಗೈಡ್ ಬೇಕಾಗಿದ್ದು ಎಲ್ಲಿ?

ಮೂರೂ ಬ್ರಿಟನ್ನಿನಲ್ಲಿ ಶಿಲಾಯುಗದವರು ಕಲ್ಲು ನೆಟ್ಟು, ಕಟ್ಟಿ ಬಿಟ್ಟುಹೋದ ಜಾಗಗಳು. ಮೂರೂ ಕಡೆ ಗೈಡ್ ಜೊತೆಗೇ ಸುತ್ತಿದ್ದೇನೆ. ಸ್ಟೋನ್‌ಹೆಂಜ್‌ನಲ್ಲಿ ಗೈಡ್ ಇಲ್ಲದಿದ್ದರೂ ನಡೆಯುತ್ತಿತ್ತು. ಏವ್‌ಬರಿಯಲ್ಲಿ ಇಲ್ಲದಿದ್ದರೆ ನನಗೆ ಹೊಲ, ಕುರಿ, ಒಂದಿಷ್ಟು ಬಂಡೆ, ಇಷ್ಟೇ ಕಾಣುತ್ತಿತ್ತು.

ಸ್ಟೋನ್‌ಹೆಂಜ್ ನೋಡಿದ ತಕ್ಷಣ ಬಾಯಿ ಕಟ್ಟಿಹೋಗುತ್ತದೆ, ನಿಜ. ಆದರೆ ಮಾಮೂಲಿ ಟಿಕೆಟ್‌ನವರು ಹಗ್ಗದ ಆಚೆಯೇ ನಿಲ್ಲಬೇಕು. ವೃತ್ತದ ಒಳಗೆ ಹೋಗಲು ಬೇರೆ ಟಿಕೆಟ್, ಅದೂ ಜನ ಬರುವ ಮೊದಲು ಇಲ್ಲವೇ ಹೋದ ಮೇಲೆ. ಚಿಕ್ಕ ನೀಲಿಗಲ್ಲುಗಳು ವೇಲ್ಸ್‌ನ ಪ್ರೆಸೆಲಿ ಬೆಟ್ಟದಿಂದ ಬಂದವು ಎಂಬಂಥ ಮಾತೆಲ್ಲ ಆಡಿಯೋ ಗೈಡ್‌ನಲ್ಲೇ ಇದೆ. ಗೈಡ್ ತೋರಿಸದಿದ್ದರೆ ನನ್ನ ಕಣ್ಣಿಗೆ ಬೀಳದೇ ಹೋಗುತ್ತಿದ್ದದ್ದು ಒಂದೇ: ಎಲ್ಲಕ್ಕಿಂತ ಎತ್ತರದ ಕಲ್ಲಿನ ನೆತ್ತಿಯಲ್ಲಿರುವ ಗುಬುಟು. ಅಡ್ಡಗಲ್ಲಿನ ಕೆಳಗೆ ಕೊರೆದ ಗುಳಿ ಅದರ ಮೇಲೆ ಕೂರುತ್ತಿತ್ತಂತೆ. ಬಡಗಿ ಚೌಕಟ್ಟು ಜೋಡಿಸುವ ಕೆಲಸವನ್ನೇ ಟನ್‌ಗಟ್ಟಲೆ ಕಲ್ಲಿನಲ್ಲಿ ಮಾಡಿದ್ದಾರೆ!

ಏವ್‌ಬರಿಯ ಹೊರಗಿನ ಕಲ್ಲುವೃತ್ತದ ಅಡ್ಡಳತೆ ಸುಮಾರು 330 ಮೀಟರ್. ಎಷ್ಟು ದೊಡ್ಡದೆಂದರೆ ಒಳಗೆ ನಿಂತರೆ ಅದು ವೃತ್ತ ಅಂತಲೇ ಗೊತ್ತಾಗಲ್ಲ. ಊರಿನ ಒಂದು ಭಾಗ ಅದರೊಳಗೇ ಇದೆ, ರಸ್ತೆಯೂ ಹಾದುಹೋಗುತ್ತದೆ. ಕಲ್ಲು ಮುಟ್ಟಬಹುದು, ಯಾರೂ ಬೇಡ ಅನ್ನಲ್ಲ. ನಡುನಡುವೆ ಮೋಟು ಕಾಂಕ್ರೀಟ್ ಕಂಬಗಳಿವೆ. ಬೇಲಿಯ ಗೂಟ ಅಂದುಕೊಂಡಿದ್ದೆ. ಕಾಣೆಯಾದ ಕಲ್ಲುಗಳ ಜಾಗದ ಗುರುತು ಅಂತ ಗೈಡ್ ಹೇಳಿದ ಮೇಲೆಯೇ ವೃತ್ತ ಕಣ್ಣಿಗೆ ಬಂದದ್ದು. ಮಧ್ಯಯುಗದಲ್ಲಿ ಜನ ಇಲ್ಲಿನ ಎಷ್ಟೋ ಕಲ್ಲುಗಳನ್ನು ಉರುಳಿಸಿ ಹೂತುಬಿಟ್ಟಿದ್ದರು. 1938ರಲ್ಲಿ ಅಂಥದ್ದೊಂದನ್ನು ಅಗೆದಾಗ ಕೆಳಗೆ ಒಬ್ಬನ ಅಸ್ಥಿಪಂಜರ ಸಿಕ್ಕಿತು, ಜೊತೆಗೆ ಕತ್ತರಿ, ಕೆಲವು ನಾಣ್ಯ. ಕ್ಷೌರಿಕ ಇರಬೇಕು, ಕಲ್ಲು ಬಿದ್ದು ಸತ್ತ ಅಂತ ಆಗ ಅಂದುಕೊಂಡರು. ಆಮೇಲೆ ಮೂಳೆ ಪರೀಕ್ಷಿಸಿದರೆ ಜಜ್ಜಿದ ಗುರುತೇ ಇಲ್ಲ. ಆ ಕಲ್ಲಿನ ಮುಂದೆ ನಾವು ಕಾಲು ಗಂಟೆ ನಿಂತೆವು.

ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿರುವ ನೆಸ್ ಆಫ್ ಬ್ರಾಡ್ಗರ್ ಬೇರೆಯೇ ಲೆಕ್ಕ: ಅದು ನೆಲದಡಿ ಹೂತಿದ್ದ ಶಿಲಾಯುಗದ ಕಲ್ಲಿನ ಕಟ್ಟಡಗಳ ಜಾಗ. ನಾನು ಹೋದಾಗ ಇನ್ನೂ ಅಗೆತ ನಡೆಯುತ್ತಿತ್ತು. ಅಗೆಯುವವರು ಮಂಡಿಯೂರಿ ಕರಣೆಯಲ್ಲಿ ಮಣ್ಣು ಕೆರೆಯುತ್ತಿದ್ದರು. ಅಲ್ಲಿ ಗೈಡ್ ಇಲ್ಲದಿದ್ದರೆ ಎಲ್ಲ ಒಂದೇ ಕೆಸರು, ಅಲ್ವಾ? 2024ರಲ್ಲಿ ಮುಖ್ಯ ಅಗೆತದ ಕೊನೆಯ ಹಂಗಾಮು ಮುಗಿಸಿ ಎಲ್ಲವನ್ನೂ ಮತ್ತೆ ಮಣ್ಣು ಮುಚ್ಚಿದ್ದಾರೆ. ಈಗ ಹೋದರೆ ಪಕ್ಕದ ಬ್ರಾಡ್ಗರ್ ಕಲ್ಲುವೃತ್ತ ನೋಡಬಹುದು.

ಸ್ಟೋನ್‌ಹೆಂಜ್, ಏವ್‌ಬರಿ ಎರಡನ್ನೂ ಒಂದೇ ದಿನದಲ್ಲಿ ತೋರಿಸುವ ಬಸ್ ಟೂರ್ ಹಿಡಿಯುವುದಾದರೆ, ಏವ್‌ಬರಿಗೆ ಎಷ್ಟು ಹೊತ್ತು ಕೊಡುತ್ತಾರೆ ಅಂತ ಮೊದಲೇ ಕೇಳಿ. ನಮ್ಮವರು ಕೊಟ್ಟದ್ದು ಒಂದೇ ಗಂಟೆ. ವೃತ್ತದ ಸುತ್ತ ಇರುವ ಮಣ್ಣಿನ ದಿಬ್ಬದ ಮೇಲೆ ಒಂದು ಸುತ್ತು ಹಾಕಲೂ ಆಗಲಿಲ್ಲ.