ಹಳೆ ಟ್ರಾಲಿ ಮನೆಯಲ್ಲೇ ಕಟ್ಟೋಕೆ 200 ಆಂಪ್ ಇನ್ವರ್ಟರ್ ವೆಲ್ಡಿಂಗ್ ಮಷಿನ್ ಸಾಕಾ?

ಸಾಕು. ಎಳೆಯುವ ಹುಕ್ಕು, ಆಕ್ಸಲ್ ಬಿಟ್ಟರೆ ಉಳಿದ ಕೆಲಸಕ್ಕೆಲ್ಲ ಧಾರಾಳ ಸಾಕು. ಗಂಗಾವತಿಯಲ್ಲಿ ಈ ಮಷಿನ್ ತಗೊಂಡು ನಮ್ಮ ಟ್ರ್ಯಾಕ್ಟರ್ ಟ್ರಾಲಿಯ ತಳ, ಹಿಂಬಾಗಿಲು, ತಳಕ್ಕೆ ಆಧಾರವಾಗುವ ಕೊಳೆತ ಕಬ್ಬಿಣದ ಅಡ್ಡ ಚಾನಲ್‌ಗಳನ್ನು ಮನೆ ಮುಂದೆಯೇ ಹೊಸದಾಗಿ ಕಟ್ಟಿದ್ದೇವೆ.

ಮೊದಲು ಟ್ರಾಲಿ ಬಗ್ಗೆ. ಕಾರಟಗಿ, ಸಿಂಧನೂರು ಕಡೆ ಟ್ರಾಲಿ ಹಾಳಾಗುವುದು ಭಾರಕ್ಕಿಂತ ಗೊಬ್ಬರದಿಂದ ಜಾಸ್ತಿ ಅಂತ ನನ್ನ ಅನಿಸಿಕೆ. ನಾವು ಹಾಕುವ ಪೊಟ್ಯಾಷ್ ಗೊಬ್ಬರ ಅಂದರೆ ಕ್ಲೋರೈಡ್ ಇರುವ ಉಪ್ಪು, ಕಬ್ಬಿಣಕ್ಕೆ ಅದು ವೈರಿ. ಚೀಲ ಒಡೆದು ಉದುರಿದ್ದು ತಳದ ಶೀಟು ಮತ್ತು ಚಾನಲ್ ನಡುವಿನ ಸಂದಿಗೆ ಸೇರುತ್ತದೆ, ಅದರ ಮೇಲೆ ಹಸಿ ಭತ್ತ, ಕೆಸರು, ಮಳೆ ನೀರು, ಮುಂದೆ ಕೇಳಬೇಕಾ? ಮೇಲೆ ಬಣ್ಣ ಚೆನ್ನಾಗೇ ಕಾಣುತ್ತಿರುತ್ತದೆ, ಸುತ್ತಿಗೆಯಿಂದ ತಟ್ಟಿದರೆ ತುಕ್ಕು ಹಪ್ಪಳದ ಹಾಗೆ ಏಳುತ್ತದೆ. ಗಟ್ಟಿ ಕಬ್ಬಿಣ ಸಿಗುವ ತನಕ ಕತ್ತರಿಸಿ ತೆಗೆಯಿರಿ. ಕೊಳೆತ ಶೀಟಿನ ಮೇಲೆ ತುಂಡು ಹಚ್ಚಿದರೆ ದುಡ್ಡು ದಂಡ.

ಮಷಿನ್ ಹಗುರ, ಒಂದೇ ಕೈಯಲ್ಲಿ ಹಿಡಿದು ಟ್ರಾಲಿ ಕೆಳಗೆ ನುಗ್ಗಬಹುದು. 3 ಮಿ.ಮೀ. ಶೀಟಿಗೆ 2.5 ಮಿ.ಮೀ. 6013 ರಾಡು (ಸಾಮಾನ್ಯ ಕೆಲಸದ ವೆಲ್ಡಿಂಗ್ ರಾಡು), 70-80 ಆಂಪ್. ಚಾನಲ್‌ಗೆ 3.15 ರಾಡು, 110ರ ಆಸುಪಾಸು. ಕಿಡಿ ಬೇಗ ಹತ್ತುತ್ತದೆ, ನಿಧಾನಕ್ಕೆ ಎಳೆದರೆ ನೀಟಾಗಿ ಕೂರುತ್ತದೆ. ಉದ್ದಕ್ಕೆ ಒಂದೇ ಸಮನೆ ಹೊಡೆದರೆ ಶೀಟು ಸೊಟ್ಟ ಆಗುತ್ತದೆ, ಅದಕ್ಕೆ ಇಲ್ಲಿ ಸ್ವಲ್ಪ ಉದ್ದ, ಆಚೆ ಕಡೆ ಸ್ವಲ್ಪ ಉದ್ದ ಅಂತ ಬಿಟ್ಟು ಬಿಟ್ಟು ಹೊಡೆಯಬೇಕು. ಅಷ್ಟರಲ್ಲಿ ಮಷಿನ್‌ಗೂ ತಣ್ಣಗಾಗಲು ಟೈಮ್ ಸಿಗುತ್ತದೆ. ಡ್ಯೂಟಿ ಸೈಕಲ್ 60% ಅಂತ ಬರೆದಿದ್ದರೆ ಆ ಕರೆಂಟಿನಲ್ಲಿ 10 ನಿಮಿಷಕ್ಕೆ 6 ನಿಮಿಷ ಮಾತ್ರ ಕೆಲಸ ಅಂತ ಲೆಕ್ಕ.

ತೊಂದರೆ ಎಲ್ಲಿ ಅಂದರೆ ಕರೆಂಟು. ಸಂಜೆ ಊರಲ್ಲೆಲ್ಲ ಒಟ್ಟಿಗೆ ಲೈಟು, ಮೋಟರ್ ಶುರುವಾದಾಗ ವೋಲ್ಟೇಜ್ ಬೀಳುತ್ತದೆ, ರಾಡು ಕಚ್ಚಿಕೊಂಡು ಬಿಡುತ್ತದೆ. ಬೆಳಗ್ಗೆಯೇ ಕೆಲಸ ಮುಗಿಸುವುದು ಒಳ್ಳೆಯದು. 100 ಆಂಪ್‌ನಲ್ಲಿ ಬೆಸೆಯುವಾಗ ಸುಮಾರು 24 ವೋಲ್ಟ್ ಇರುತ್ತದೆ, ಅಂದರೆ ರಾಡಿನ ತುದಿಯಲ್ಲೇ 2.4 ಕಿಲೋವ್ಯಾಟ್, ಮನೆ ಲೈನಿನಿಂದ ಎಳೆಯುವುದು ಇನ್ನೂ ಜಾಸ್ತಿ. ಸುಮ್ನೆ ಟಿವಿ ಪ್ಲಗ್ಗಿಗೆ ಚುಚ್ಚಬೇಡಿ. ಎಲೆಕ್ಟ್ರಿಷಿಯನ್ ಕರೆಸಿ ಬೇರೆ ಲೈನ್, ದಪ್ಪ ತಾಮ್ರದ ವೈರು, ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್), ಸರಿಯಾದ ಅರ್ಥಿಂಗ್ ಹಾಕಿಸಿ.

ಜೊತೆಗೆ ಬಂದ ಕೇಬಲ್ ಗಿಡ್ಡ, ಅರ್ಥ್ ಕ್ಲಾಂಪ್ (ಬೆಸೆಯುವ ಕಬ್ಬಿಣಕ್ಕೆ ಕಚ್ಚಿಸುವ ಹಿಡಿಕೆ) ತೆಳು, ಬಿಸಿಯಾಗುತ್ತದೆ. ಇಷ್ಟು ದುಡ್ಡು ತಗೊಂಡು ಇಂಥ ಕ್ಲಾಂಪ್ ಕೊಡುವುದು ಸರಿ ಅಲ್ಲ. ಅದನ್ನು ಮೊದಲೇ ಬದಲಾಯಿಸಿ.

ವೆಲ್ಡಿಂಗ್ ಮುಂಚೆ ಟ್ರ್ಯಾಕ್ಟರಿನಿಂದ ಟ್ರಾಲಿ ಬಿಚ್ಚಿ, ಇಲ್ಲದಿದ್ದರೆ ಆಲ್ಟರ್ನೇಟರ್‌ಗೆ (ಬ್ಯಾಟರಿ ಚಾರ್ಜ್ ಮಾಡುವ ಭಾಗ) ಪೆಟ್ಟು ಬೀಳಬಹುದು. ಕ್ಲಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಕಚ್ಚಿಸಿ, ಚಕ್ರಕ್ಕೆ ಬೇಡ. ಕರೆಂಟು ಹಬ್ ಬೇರಿಂಗ್ ಒಳಗಿಂದ ಹರಿದರೆ ಬೇರಿಂಗ್ ಗುಳಿ ಬೀಳುತ್ತದೆ. ಕಮಾನು ಪಟ್ಟಿಗೆ ರಾಡು ತಾಗಿಸಲೇಬೇಡಿ, ಆ ಉಕ್ಕು ಕಾದು ತಣ್ಣಗಾದರೆ ಪೆಡಸಾಗಿ ಲೋಡಿನಲ್ಲಿ ಮುರಿಯುತ್ತದೆ. ಹುಕ್ಕನ್ನು ನಾವು ವರ್ಕ್‌ಶಾಪಿಗೇ ಕೊಟ್ಟು ಗಟ್ಟಿ ಬೆಸುಗೆ ಕೊಡುವ 7018 ರಾಡಿನಲ್ಲಿ ಮಾಡಿಸಿದೆವು. ಸುಗ್ಗಿಯಲ್ಲಿ ಭತ್ತ ತುಂಬಿ ಸಿಂಧನೂರು ರಸ್ತೆಯಲ್ಲಿ ಹೋಗುವಾಗ ಅದು ಕಳಚಿದರೆ ಹಿಂದೆ ಬರುವ ಬೈಕಿನವರ ಜೀವಕ್ಕೇ ಬರುತ್ತದೆ, ಅಲ್ವಾ? ಅಲ್ಲಿ ದುಡ್ಡು ಉಳಿಸಬಾರದು.

ಶೀಟು ಕೂರಿಸುವ ಮುಂಚೆಯೇ ಚಾನಲ್ ಮೇಲ್ಭಾಗಕ್ಕೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಹಚ್ಚಿ, ಬೆಸೆಯುವ ಜಾಗ ಮಾತ್ರ ಬಿಡಿ. ತಳದ ಮೂಲೆಗಳಲ್ಲಿ ನೀರು ಇಳಿಯಲು ತೂತು ಹಾಕಿ. ಹಿಂದೆ ಕೆಂಪು, ಪಕ್ಕಕ್ಕೆ ಹಳದಿ ರಿಫ್ಲೆಕ್ಟರ್ ಟೇಪ್ ಮರೆಯಬೇಡಿ.

ಒಂದೇ ಟ್ರಾಲಿಗೋಸ್ಕರ ಮಷಿನ್ ತಗೋಬೇಕಾ ಅಂತ ಕೇಳಿದರೆ, ಬೇಡ, ಬಾಡಿಗೆಗೆ ತನ್ನಿ. ಆದರೆ ಗದ್ದೆ ಇರುವವರ ಮನೆಯಲ್ಲಿ ನಾಟಿ ಹೊತ್ತಿಗೆ ಕೇಜ್ ವೀಲ್ (ಕೆಸರು ಗದ್ದೆಗೆ ಟ್ರ್ಯಾಕ್ಟರಿಗೆ ಹಾಕುವ ಕಬ್ಬಿಣದ ಚಕ್ರ) ಪಟ್ಟಿ ಮುರಿಯುವುದು ಇದ್ದೇ ಇದೆ, ಅಂಥವರು ಕಣ್ಣು ಮುಚ್ಚಿ ತಗೋಬಹುದು.